ಸೀಸದ ಗುಂಡಿಯಲ್ಲಿ ಚಿನ್ನ: ದೇವಾಲದ ಬೆಣಚುಕಲ್ಲು ಮತ್ತು ಮೂಸೆಯ ಲೆಕ್ಕ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಪ್ರಶ್ನೋತ್ತರದ ಆಯ್ದ ಭಾಗ ಕೊನೆಯಲ್ಲಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ಇಲ್ಲಿ ಬೆಳಗಿನಿಂದ ಮಳೆ, ಕರೆಂಟು ಹೋದರೆ ಎರಡು ನಿಮಿಷ ಕಾಯಿರಿ, ಮತ್ತೆ ಸೇರಿಕೊಳ್ಳುತ್ತೇನೆ.

ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ವಿಷಯ ‘ಸೀಸ ಕರಗಿಸುವಾಗ ಚಿನ್ನ ಬೆಳ್ಳಿಗಳ ವರ್ತನೆ’ ಅಂತ ಇದೆ. ಅದನ್ನು ನೋಡಿದ ಒಬ್ಬ ಸಹೋದ್ಯೋಗಿ, ‘ನೀಲಗಿರಿಯಲ್ಲಿ ಕೂತು ಸೀಸದ ಕುಲುಮೆ ಬಗ್ಗೆ ಮಾತಾಡ್ತೀರಾ? ಅಲ್ಲಿರೋದು ಚಹಾ ಕಾರ್ಖಾನೆ ಅಲ್ವಾ?’ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸೀಸ ಕರಗಿಸುವ ದೊಡ್ಡ ಕಾರ್ಖಾನೆ ನೋಡಬೇಕು ಅಂದರೆ ರಾಜಸ್ಥಾನಕ್ಕೆ, ಚಿತ್ತೋರಗಢದ ಹತ್ತಿರದ ಚಂದೇರಿಯಾಕ್ಕೆ ಹೋಗಬೇಕು. ಆದರೆ ಗೂಡಲೂರಿನಿಂದ ಆಚೆ ದೇವಾಲ, ಪಂದಲೂರು ಕಡೆಯ ಬೆಟ್ಟಗಳಲ್ಲಿ ನೂರನಲವತ್ತು ವರ್ಷದ ಹಿಂದೆ ಜನ ಲಕ್ಷಗಟ್ಟಲೆ ಪೌಂಡ್ ಸುರಿದದ್ದು ಸೀಸ ಹೇಳಿದ ಮಾತು ನಂಬಿ. ಆಮೇಲೆ ಅಷ್ಟೂ ದುಡ್ಡು ಮುಳುಗಿತು. ಹಾಗಾದರೆ ಸೀಸ ಸುಳ್ಳು ಹೇಳಿತೇ? ಈ ಪ್ರಶ್ನೆ ಹಿಡಿದುಕೊಂಡು ಹೊರಟರೆ ರಸಾಯನಶಾಸ್ತ್ರವೂ ಅರ್ಥವಾಗುತ್ತದೆ, ದೇವಾಲವೂ ಅರ್ಥವಾಗುತ್ತದೆ ಅನ್ನುವುದು ನನ್ನ ಲೆಕ್ಕ.

ಇತಿಹಾಸ ಬೇಗ ಮುಗಿಸುತ್ತೇನೆ. ಆಗ್ನೇಯ ವಯನಾಡು, ಅಂದರೆ ಈಗಿನ ಗೂಡಲೂರು ಮತ್ತು ಪಂದಲೂರು ತಾಲ್ಲೂಕುಗಳ ಭಾಗ, 1877ರಲ್ಲಿ ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. ಅಲ್ಲಿ ಕುರುಂಬರು, ಪಣಿಯರು ಹೊಳೆಯ ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದದ್ದು ಬಹಳ ಹಿಂದಿನಿಂದ ಗೊತ್ತಿದ್ದ ಸಂಗತಿ. ಕಾಫಿ ತೋಟಗಳ ನಡುವೆ ಬೆಣಚುಕಲ್ಲಿನ ಪಟ್ಟೆಗಳು ಕಂಡವು. 1874ರಲ್ಲಿ ದೇವಾಲದಲ್ಲಿ ಆಲ್ಫಾ ಅನ್ನುವ ಕಂಪನಿ ಕಲ್ಲು ಕುಟ್ಟಲು ಶುರುಮಾಡಿತು. ಆಮೇಲೆ ಸರ್ಕಾರ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಗಣಿ ಇಲಾಖೆ ನೋಡಿಕೊಂಡಿದ್ದ ಬ್ರೌ ಸ್ಮಿತ್ ಅವರನ್ನು ಕರೆಸಿತು. ಅವರ ವರದಿ 1880ರಲ್ಲಿ ಅಚ್ಚಾಯಿತು. ಅದರಲ್ಲಿ ಪಟ್ಟಿಮಾಡಿದ ಕಲ್ಲಿನ ಪರೀಕ್ಷೆಗಳಲ್ಲಿ ಕೆಲವು ಕಣ್ಣು ಕುಕ್ಕುವಂಥ ಅಂಕಿಗಳು. ಲಂಡನ್ನಿನ ಷೇರುಪೇಟೆ ಹುಚ್ಚೆದ್ದಿತು, ಒಂದೆರಡು ವರ್ಷದಲ್ಲೇ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ಯಂತ್ರಗಳನ್ನು ಘಟ್ಟ ಹತ್ತಿಸಿ ತಂದರು. ಕುಟ್ಟಿ ನೋಡಿದರೆ ಟನ್ನಿಗೆ ಕೆಲವೇ ಪೆನ್ನಿವೇಟ್. ಒಂದು ಪೆನ್ನಿವೇಟ್ ಅಂದರೆ ಸುಮಾರು ಒಂದೂವರೆ ಗ್ರಾಂ, ಇಪ್ಪತ್ತು ಸೇರಿದರೆ ಒಂದು ಔನ್ಸ್. ಕೆಲವೇ ವರ್ಷಗಳಲ್ಲಿ ಎಲ್ಲ ಬಂದ್. 1908ರಲ್ಲಿ ಬಂದ ಡಬ್ಲ್ಯು. ಫ್ರಾನ್ಸಿಸ್ ಅವರ ನೀಲಗಿರಿ ಗೆಜೆಟಿಯರ್ ಓದಿ. ಆ ಕಥೆಯನ್ನು ಅವರು ಒಳ್ಳೇ ವ್ಯಂಗ್ಯ ಬೆರೆಸಿ ಬರೆದಿದ್ದಾರೆ.

ಸಾಮಾನ್ಯವಾಗಿ ಇದನ್ನು ಮೋಸದ ಕಥೆ ಅಂತ ಹೇಳಿ ಮುಗಿಸಿಬಿಡುತ್ತಾರೆ. ಷೇರು ಮಾರುವವರಲ್ಲಿ ಮೋಸಗಾರರು ಇದ್ದೇ ಇದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬರೂ ಮೋಸ ಮಾಡದೇ ಇದ್ದಿದ್ದರೂ ಅಂಥ ಅಂಕಿಗಳು ಬರಬಹುದಿತ್ತು. ಅದು ಹೇಗೆ ಅಂತ ತಿಳಿಯಬೇಕಾದರೆ ಮೂಸೆಯೊಳಗೆ ಇಳಿಯಬೇಕು.

ಕಲ್ಲಿನಲ್ಲಿ ಚಿನ್ನ ಎಷ್ಟಿದೆ ಅಂತ ನೋಡುವ ಹಳೆಯ, ಈಗಲೂ ಎಲ್ಲರೂ ನೆಚ್ಚುವ ವಿಧಾನ ಅಗ್ನಿಪರೀಕ್ಷೆ. ಇಂಗ್ಲಿಷಿನಲ್ಲೂ ಅದನ್ನು ಬೆಂಕಿಯ ಹೆಸರಿನಿಂದಲೇ ಕರೆಯುತ್ತಾರೆ, ಫೈರ್ ಅಸ್ಸೇ ಅಂತ. ನುಣ್ಣಗೆ ಅರೆದ ಕಲ್ಲಿನ ಪುಡಿ ಸುಮಾರು 30 ಗ್ರಾಂ ತಗೊಳ್ಳಿ. ಅದಕ್ಕೆ ಲಿಥಾರ್ಜ್ ಬೆರೆಸಬೇಕು. ಇದು ಸೀಸದ ಆಕ್ಸೈಡು, ನಮ್ಮ ಹಳೆಯ ವೈದ್ಯಗ್ರಂಥಗಳ ಮೃದ್ದಾರಶೃಂಗ. ಜೊತೆಗೆ ಸೋಡ, ಬಿಳಿಗಾರ, ಕಲ್ಲಿನ ಗುಣ ನೋಡಿಕೊಂಡು ಒಂದಿಷ್ಟು ಮರಳು. ಕೊನೆಗೆ ಎರಡು ಮೂರು ಗ್ರಾಂ ಮೈದಾ ಹಿಟ್ಟು. ಹೌದು, ಅಡುಗೆಮನೆಯ ಮೈದಾನೇ! ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಪ್ರಯೋಗಾಲಯದ ಕಪಾಟಿನಲ್ಲಿ ಮೈದಾ ಡಬ್ಬ ನೋಡಿ, ಯಾರೋ ತಿಂಡಿಗೆ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಮೈದಾದ ಕೆಲಸ ಇಷ್ಟು. ಮೂಸೆಯನ್ನು ಸುಮಾರು 1000 ಡಿಗ್ರಿಗೆ ಕಾಯಿಸಿದಾಗ ಹಿಟ್ಟು ಸುಟ್ಟು ಇಂಗಾಲವಾಗುತ್ತದೆ. ಆ ಇಂಗಾಲ ಲಿಥಾರ್ಜಿನಿಂದ ಆಮ್ಲಜನಕ ಕಿತ್ತುಕೊಂಡು ಸೀಸವನ್ನು ಬಿಡಿಸುತ್ತದೆ. ಒಂದು ಗ್ರಾಂ ಹಿಟ್ಟು ಹತ್ತು ಹನ್ನೆರಡು ಗ್ರಾಂ ಸೀಸ ಬಿಡಿಸಬಲ್ಲದು. ಹಿಟ್ಟನ್ನು ಎಲ್ಲ ಕಡೆ ಸಮನಾಗಿ ಕಲಸಿರುವುದರಿಂದ ಸೀಸವೂ ಎಲ್ಲ ಕಡೆ ಏಕಕಾಲಕ್ಕೆ ಹುಟ್ಟುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ. ಉಳಿದ ಲಿಥಾರ್ಜು, ಸೋಡ, ಬಿಳಿಗಾರ ಸೇರಿ ಕಲ್ಲನ್ನು ಕರಗಿಸಿ ಗಾಜಿನಂಥ ಕಿಟ್ಟ ಮಾಡಿರುತ್ತವೆ. ಸೀಸ ಭಾರ, ಕಿಟ್ಟ ಹಗುರ. ಹಾಗಾಗಿ ಆ ಹನಿಗಳು ಕಿಟ್ಟದ ಮೂಲಕ ಮಳೆ ಬಿದ್ದ ಹಾಗೆ ಕೆಳಗಿಳಿಯುತ್ತವೆ. ಇಳಿಯುವಾಗ ದಾರಿಯಲ್ಲಿ ಸಿಕ್ಕ ಚಿನ್ನ, ಬೆಳ್ಳಿಯ ಕಣಗಳನ್ನು ಒಳಗೆ ಕರಗಿಸಿಕೊಂಡು ತಳ ಸೇರುತ್ತವೆ. ಆರಿದ ಮೇಲೆ ಒಡೆದರೆ ಅಡಿಯಲ್ಲಿ ಮೂವತ್ತು ನಲವತ್ತು ಗ್ರಾಮಿನ ಸೀಸದ ಗುಂಡಿ. ನಾನು ಹೇಳುವುದು ಅಂಗಿಯ ಗುಂಡಿಯಂಥ ಗುಂಡಿ. ದೇವಾಲದಲ್ಲಿ ಕಾಡು ತುಂಬ ತೋಡಿದ್ದಾರಲ್ಲ, ಆ ಗುಂಡಿ ಬೇರೆ.

ಚಿನ್ನ ಯಾಕೆ ಕಿಟ್ಟಕ್ಕೆ ಹೋಗದೆ ಸೀಸಕ್ಕೇ ಹೋಗುತ್ತದೆ? ಪಠ್ಯಪುಸ್ತಕದಲ್ಲಿ ‘ಸೀಸ ಒಂದು ಸಂಗ್ರಾಹಕ’ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅದು ವಿವರಣೆ ಅಲ್ಲ, ಹೆಸರಿಟ್ಟಿದ್ದು ಅಷ್ಟೆ. ಕಿಟ್ಟ ಅಂದರೆ ಆಕ್ಸೈಡುಗಳ ದ್ರವ. ಅದರೊಳಗೆ ಒಂದು ಲೋಹಕ್ಕೆ ಜಾಗ ಸಿಗಬೇಕಾದರೆ ಆ ಲೋಹ ಮೊದಲು ಆಕ್ಸೈಡು ಆಗಬೇಕು. ಕಬ್ಬಿಣ ಆಗುತ್ತದೆ, ಸತು ಆಗುತ್ತದೆ, ಸೀಸವೂ ಆಗುತ್ತದೆ. ಬೆಳ್ಳಿಯ ಆಕ್ಸೈಡು ಸುಮಾರು 200 ಡಿಗ್ರಿ ದಾಟುವಷ್ಟರಲ್ಲಿ ತಾನೇ ಒಡೆದುಹೋಗುತ್ತದೆ, ಚಿನ್ನದ ಆಕ್ಸೈಡು ಇನ್ನೂ ಮೊದಲೇ. 1000 ಡಿಗ್ರಿಯ ಮೂಸೆಯಲ್ಲಿ ಅವಕ್ಕೆ ಲೋಹವಾಗಿ ಉಳಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ಲೋಹದ ದ್ರವವೂ ಆಕ್ಸೈಡಿನ ದ್ರವವೂ ಎಣ್ಣೆ ನೀರಿನ ಹಾಗೆ, ಒಂದರಲ್ಲೊಂದು ಬೆರೆಯುವುದಿಲ್ಲ. ಅಲ್ಲಿರುವ ಒಂದೇ ಲೋಹದ ದ್ರವ ಸೀಸ. ಚಿನ್ನ ತಾನೇ ಕರಗಲು 1064 ಡಿಗ್ರಿ ಬೇಕು, ಆದರೆ ಕರಗಿದ ಸೀಸದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಸೇರಿಕೊಂಡುಬಿಡುತ್ತದೆ, ಬಿಸಿ ಹಾಲಿನಲ್ಲಿ ಕಲ್ಲುಸಕ್ಕರೆ ಸೇರಿದ ಹಾಗೆ.

ಇದು ನಮ್ಮವರಿಗೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಕಸಾಲೆಯ ಅಧ್ಯಕ್ಷನ ಕೆಲಸ ಹೇಳುವ ಅಧ್ಯಾಯವಿದೆ. ಚಿನ್ನ ಎಷ್ಟು ಕಲಬೆರಕೆಯೋ ಅದರ ನಾಲ್ಕು ಪಟ್ಟು ಸೀಸ ಹಾಕಿ ಶೋಧಿಸಬೇಕು, ಬೆಳ್ಳಿಗಾದರೆ ನಾಲ್ಕನೇ ಒಂದು ಭಾಗ ಸೀಸ ಸಾಕು ಅಂತ ಅಲ್ಲಿ ಇದೆ. ಆ ಗ್ರಂಥದ ತಾಳೆಗರಿ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, 1909ರಲ್ಲಿ ಅಚ್ಚಿಗೆ ತಂದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ರಾಜಕೀಯ ಓದುವವರೆಲ್ಲ ಅದನ್ನು ಓದುತ್ತಾರೆ, ಲೋಹಶಾಸ್ತ್ರದ ಹುಡುಗರು ಮಾತ್ರ ಮುಟ್ಟುವುದಿಲ್ಲ. ಇದು ನನ್ನ ಹಳೇ ತಕರಾರು, ಬಿಡಿ.

ಈಗ ಗುಂಡಿ ಸಿಕ್ಕಿತು. ಅದರಲ್ಲಿ ನಲವತ್ತು ಗ್ರಾಂ ಸೀಸ, ಒಂದು ಮಿಲಿಗ್ರಾಮಿಗಿಂತ ಕಡಿಮೆ ಚಿನ್ನ. ಸೀಸವನ್ನು ಕಳಿಸುವುದು ಹೇಗೆ? ಇಲ್ಲಿ ಲೆಕ್ಕ ತಿರುಗುಮುರುಗು. ಇಷ್ಟು ಹೊತ್ತು ಆಕ್ಸೈಡನ್ನು ಸೀಸ ಮಾಡಿದೆವು, ಈಗ ಸೀಸವನ್ನು ಮತ್ತೆ ಆಕ್ಸೈಡು ಮಾಡುತ್ತೇವೆ. ಮೂಳೆ ಸುಟ್ಟ ಬೂದಿಯನ್ನು ಒತ್ತಿ ಮಾಡಿದ ಸಣ್ಣ ಬಟ್ಟಲಿರುತ್ತದೆ, ಕ್ಯೂಪೆಲ್ ಅನ್ನುತ್ತಾರೆ. ಅದರಲ್ಲಿ ಗುಂಡಿ ಇಟ್ಟು, ಗಾಳಿ ಆಡುವ ಕುಲುಮೆಯಲ್ಲಿ ಸುಮಾರು 900 ಡಿಗ್ರಿಯಲ್ಲಿ ಕಾಯಿಸಬೇಕು. ಸೀಸದ ಮೇಲ್ಮೈ ಲಿಥಾರ್ಜ್ ಆಗುತ್ತದೆ. ಲಿಥಾರ್ಜ್ ಸುಮಾರು 888 ಡಿಗ್ರಿಗೆ ಕರಗುತ್ತದೆ. ಕರಗಿದ ಲಿಥಾರ್ಜ್ ಮೂಳೆಬೂದಿಯನ್ನು ತೋಯಿಸಿ ಒಳಗೆ ಇಂಗುತ್ತದೆ. ಲೋಹದ ಸೀಸ ಮಾತ್ರ ತೋಯಿಸುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ಕೂತಿರುತ್ತದೆ. ಬಟ್ಟಲು ಜರಡಿಯ ಕೆಲಸ ಮಾಡುತ್ತಿದೆ. ತನ್ನ ತೂಕದಷ್ಟೇ ಹೆಚ್ಚುಕಡಿಮೆ ಲಿಥಾರ್ಜ್ ಕುಡಿಯಬಲ್ಲದು. ಒಂದು ಸಣ್ಣ ಪಾಲು ಹೊಗೆಯಾಗಿ ಹೋಗುತ್ತದೆ. ಆ ಹೊಗೆಯ ವಿಷಯ ಆಮೇಲೆ ಹೇಳುತ್ತೇನೆ.

ಕೊನೆಯ ಕ್ಷಣ ನೋಡುವಂಥದ್ದು. ಸೀಸ ತೆಳುವಾಗುತ್ತಾ ಬಂದ ಹಾಗೆ ಉಂಡೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳು ಓಡಾಡುತ್ತವೆ. ಆಮೇಲೆ ಮಂಕು, ಆಮೇಲೆ ಒಮ್ಮೆಗೇ ಮಿಂಚು. ಮಿಂಚಿದರೆ ಸೀಸ ಪೂರ್ತಿ ಹೋಯಿತು ಅಂತ. ಉಳಿದದ್ದು ಬೆಳ್ಳಿ, ಚಿನ್ನ ಎರಡೂ ಸೇರಿದ ಸಾಸಿವೆಗಿಂತ ಸಣ್ಣ ಮಣಿ. ಬೆಳ್ಳಿ ಜಾಸ್ತಿಯಿದ್ದು ಬೇಗ ತಣ್ಣಗಾದರೆ ಮಣಿ ಉಗುಳುತ್ತದೆ. ಕರಗಿದ ಬೆಳ್ಳಿ ತನ್ನ ಗಾತ್ರದ ಇಪ್ಪತ್ತು ಪಟ್ಟಿನಷ್ಟು ಆಮ್ಲಜನಕ ಹೀರಿಕೊಂಡಿರುತ್ತದೆ, ಗಟ್ಟಿಯಾಗುವಾಗ ಅದನ್ನೆಲ್ಲ ಒಮ್ಮೆಗೇ ಹೊರಗೆ ಹಾಕುತ್ತದೆ. ಆ ಸಿಡಿತದಲ್ಲಿ ಒಂದು ಚೂರು ಹಾರಿದರೆ ಅವತ್ತಿನ ಕೆಲಸ ಹಾಳು. ಮಣಿಯನ್ನು ತೂಗಿ, ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗುತ್ತದೆ, ಚಿನ್ನ ಉಳಿಯುತ್ತದೆ. ಆದರೆ ಬೆಳ್ಳಿ ಚಿನ್ನದ ಸುಮಾರು ಮೂರರಷ್ಟು ಇದ್ದರೆ ಮಾತ್ರ. ಕಡಿಮೆಯಿದ್ದರೆ ಆಮ್ಲ ಒಳಗೆ ನುಗ್ಗಲಾರದು. ಅದಕ್ಕೇ ಮೊದಲೇ ಲೆಕ್ಕ ಹಾಕಿ ಒಂದಿಷ್ಟು ಶುದ್ಧ ಬೆಳ್ಳಿ ಸೇರಿಸುತ್ತಾರೆ. ಚಿನ್ನ ತೆಗೆಯಲು ಬೆಳ್ಳಿ ಹಾಕುವುದು ವಿಚಿತ್ರ ಅನ್ನಿಸಬಹುದು, ಅಸ್ಸೇ ಮಾಡುವವರಿಗೆ ಅದು ದಿನನಿತ್ಯದ ಕೆಲಸ.

ದೊಡ್ಡ ಸೀಸದ ಕಾರ್ಖಾನೆಯಲ್ಲಿ ನಡೆಯುವುದೂ ಇದೇ, ಗಾತ್ರ ಬೇರೆ. ಸೀಸದ ಸಲ್ಫೈಡು ಅದಿರನ್ನು ಹುರಿದು ಆಕ್ಸೈಡು ಮಾಡಿ, ಕೋಕ್ ಜೊತೆ ಊದುಕುಲುಮೆಗೆ ಹಾಕುತ್ತಾರೆ. ಅಲ್ಲೂ ಸೀಸ ಕೆಳಗಿಳಿಯುತ್ತಾ ಅದಿರಿನ ಬೆಳ್ಳಿ, ಚಿನ್ನವನ್ನೆಲ್ಲ ಬಾಚಿಕೊಂಡು ಬರುತ್ತದೆ. ಕಿಟ್ಟದಲ್ಲಿ ನಷ್ಟವಾಗುವ ಬೆಳ್ಳಿ ಬಹುಪಾಲು ಕರಗಿ ಹೋದದ್ದಲ್ಲ, ಕಿಟ್ಟದಲ್ಲಿ ಸಿಕ್ಕಿಕೊಂಡ ಸೀಸದ ಹನಿಗಳ ಜೊತೆ ಹೋದದ್ದು. ಆದರೆ ಅಲ್ಲಿ ಎರಡು ಕಳ್ಳರಿದ್ದಾರೆ. ಅದಿರಿನಲ್ಲಿ ತಾಮ್ರ ಮತ್ತು ಗಂಧಕ ಉಳಿದಿದ್ದರೆ ಸೀಸಕ್ಕೂ ಕಿಟ್ಟಕ್ಕೂ ನಡುವೆ ಮೂರನೇ ದ್ರವ ಕೂರುತ್ತದೆ, ಮ್ಯಾಟ್ ಅಂತ ಅದರ ಹೆಸರು. ಬೆಳ್ಳಿಗೆ ಗಂಧಕದ ಮೇಲೆ ಒಲವು. ಮನೆಯ ಬೆಳ್ಳಿ ಪಾತ್ರೆ ಕಪ್ಪಾಗುವುದು ನೋಡಿಲ್ಲವೇ? ಅದೇ ಒಲವು. ಹಾಗಾಗಿ ಬೆಳ್ಳಿಯ ಒಂದು ಪಾಲು ಮ್ಯಾಟಿಗೆ ಹೋಗುತ್ತದೆ, ಚಿನ್ನ ಮಾತ್ರ ಹೆಚ್ಚಾಗಿ ಲೋಹದಲ್ಲೇ ಉಳಿಯುತ್ತದೆ. ಆರ್ಸೆನಿಕ್ ಇದ್ದರೆ ಕಬ್ಬಿಣ, ಆರ್ಸೆನಿಕ್ ಸೇರಿ ಸ್ಪೈಸ್ ಅನ್ನುವ ಇನ್ನೊಂದು ಪದರ. ಅದು ಚಿನ್ನವನ್ನೂ ಸ್ವಲ್ಪ ಎಳೆದುಕೊಳ್ಳುತ್ತದೆ.

ಹೀಗೆ ಬಂದ ಸೀಸದಿಂದ ಬೆಳ್ಳಿ ಬೇರೆ ಮಾಡಲು ಟನ್ನುಗಟ್ಟಲೆ ಸೀಸವನ್ನು ಆಕ್ಸೈಡು ಮಾಡಿ ಮತ್ತೆ ಸೀಸ ಮಾಡುವುದು ದುಂದು. 1833ರಲ್ಲಿ ಪ್ಯಾಟಿನ್ಸನ್ ಅನ್ನುವವರು ಒಂದು ಉಪಾಯ ಕಂಡರು. ನಿಧಾನವಾಗಿ ಆರಿಸಿದರೆ ಮೊದಲು ಗಟ್ಟಿಯಾಗುವ ಹರಳು ಬಹುಪಾಲು ಬರೀ ಸೀಸ, ಬೆಳ್ಳಿ ದ್ರವದಲ್ಲಿ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯ 1850ರಲ್ಲಿ ಪಾರ್ಕ್ಸ್ ಅವರದ್ದು. ಕರಗಿದ ಸೀಸಕ್ಕೆ ಸತು ಹಾಕಿ ಕಲಕಿ ಆರಿಸಬೇಕು. ಸತುವಿಗೂ ಸೀಸಕ್ಕೂ ಹೊಂದಾಣಿಕೆ ಇಲ್ಲ, ಸತುವಿಗೂ ಬೆಳ್ಳಿ, ಚಿನ್ನಕ್ಕೂ ಗಾಢ ಸ್ನೇಹ. ಸತು ಅವನ್ನು ಹಿಡಿದುಕೊಂಡು ಕೆನೆಯ ಹಾಗೆ ಮೇಲೆ ತೇಲುತ್ತದೆ. ಮೊದಲ ಕೆನೆಯಲ್ಲಿ ಚಿನ್ನ, ಆಮೇಲಿನ ಕೆನೆಯಲ್ಲಿ ಬೆಳ್ಳಿ. ಕೆನೆಯಿಂದ ಸತುವನ್ನು ಆವಿ ಮಾಡಿ ತೆಗೆದು, ಉಳಿದದ್ದನ್ನು ಮತ್ತೆ ಅದೇ ಕ್ಯೂಪೆಲ್ ವಿಧಾನಕ್ಕೆ ಹಾಕುತ್ತಾರೆ, ಈ ಸಲ ದೊಡ್ಡ ಒಲೆಯಲ್ಲಿ. ರಾಜಸ್ಥಾನದ ಆಗುಚಾದಲ್ಲಿ ಮೌರ್ಯರ ಕಾಲದ ಆಸುಪಾಸಿನಲ್ಲೇ ಸೀಸದ ಅದಿರು ಅಗೆದದ್ದು ಅದರೊಳಗಿನ ಬೆಳ್ಳಿಗಾಗಿ. ಇವತ್ತಿಗೂ ನಮ್ಮ ದೇಶದಲ್ಲಿ ಅದಿರಿನಿಂದ ಸಿಗುವ ಬೆಳ್ಳಿಯ ಬಹುಪಾಲು ರಾಜಸ್ಥಾನದ ಸೀಸ, ಸತುವಿನ ಗಣಿಗಳದ್ದೇ.

ಇಷ್ಟರಿಂದ ತಿಳಿಯುವುದೇನು? ಮೂಸೆಗೆ ಹಾಕಿದ 30 ಗ್ರಾಂ ಪುಡಿಯಲ್ಲಿ ಚಿನ್ನ ಎಷ್ಟಿತ್ತೋ ಅದನ್ನು ಸೀಸ ಹೆಚ್ಚುಕಡಿಮೆ ಪೂರ್ತಿ ತಂದುಕೊಡುತ್ತದೆ. ಅಲ್ಲಿ ಸುಳ್ಳಿಲ್ಲ. ಹಾಗಾದರೆ ದೇವಾಲದಲ್ಲಿ ತಪ್ಪಿದ್ದು ಎಲ್ಲಿ? ಆ 30 ಗ್ರಾಮಿನಲ್ಲಿ.

ದಯವಿಟ್ಟು ಪೆನ್ನು ತಗೊಳ್ಳಿ, ಇದು ಈ ಉಪನ್ಯಾಸದ ಮುಖ್ಯ ಲೆಕ್ಕ. ಒಂದು ಬೆಣಚುಕಲ್ಲಿನ ಪಟ್ಟೆಯಲ್ಲಿ ನಿಜವಾಗಿ ಟನ್ನಿಗೆ 5 ಗ್ರಾಂ ಚಿನ್ನ ಇದೆ ಅಂತ ಇಟ್ಟುಕೊಳ್ಳಿ. 30 ಗ್ರಾಂ ಪುಡಿಯಲ್ಲಿ ಎಷ್ಟಾಯಿತು? 0.15 ಮಿಲಿಗ್ರಾಂ. ಅದೆಲ್ಲ ಒಂದೇ ಗುಂಡನೆಯ ಕಣವಾಗಿದ್ದರೆ ಅಡ್ಡಳತೆ ಎಷ್ಟು? ಚಿನ್ನದ ಸಾಂದ್ರತೆ 19.3. ಲೆಕ್ಕ ಮಾಡಿದರೆ ಕಾಲು ಮಿಲಿಮೀಟರ್! ಅಂದರೆ ಕಾಲು ಮಿಲಿಮೀಟರಿನ ಒಂದೇ ಒಂದು ಕಣ ನಮ್ಮ ಪುಡಿಯಲ್ಲಿ ಬಿತ್ತೋ ಇಲ್ಲವೋ ಅನ್ನುವುದರ ಮೇಲೆ ಉತ್ತರ ಐದೋ ಸೊನ್ನೆಯೋ ಅಂತ ತೀರ್ಮಾನವಾಗುತ್ತದೆ. ಚಿನ್ನವೆಲ್ಲ ಅಷ್ಟೇ ಗಾತ್ರದ ಕಣಗಳಾಗಿ ಅಲ್ಲಲ್ಲಿ ಚದುರಿದ್ದರೆ, ಸಂಭವನೀಯತೆಯ ಸೂತ್ರದ ಪ್ರಕಾರ ನೂರು ಮಾದರಿಗಳಲ್ಲಿ ಸುಮಾರು 37ರಲ್ಲಿ ಏನೂ ಸಿಗುವುದಿಲ್ಲ, 37ರಲ್ಲಿ ಸರಿಯಾದ ಉತ್ತರ, ಉಳಿದ 26ರಲ್ಲಿ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು.

ಕಣ ಅರ್ಧ ಮಿಲಿಮೀಟರ್ ಆದರೆ? ಅಡ್ಡಳತೆ ಎರಡರಷ್ಟಾದರೆ ತೂಕ ಎಂಟರಷ್ಟು. ಅಂಥ ಒಂದು ಕಣ ಬಿದ್ದರೆ ಉತ್ತರ ಟನ್ನಿಗೆ 40 ಗ್ರಾಂ ದಾಟುತ್ತದೆ. ಆ ಕಾಲದ ಭಾಷೆಯಲ್ಲಿ ಟನ್ನಿಗೆ ಒಂದು ಔನ್ಸಿಗಿಂತ ಹೆಚ್ಚು. ಲಂಡನ್ನಿನಲ್ಲಿ ಷೇರು ಮಾರಲು ಅಷ್ಟು ಸಾಕು. ನೂರು ಮಾದರಿಯಲ್ಲಿ ಸುಮಾರು 11ರಲ್ಲಿ ಇಂಥ ಉತ್ತರ ಬರುತ್ತದೆ, 89ರಲ್ಲಿ ಸೊನ್ನೆ. ಒಂದು ಮಿಲಿಮೀಟರಿನ ಕಣವಾದರೆ ಟನ್ನಿಗೆ ಹತ್ತು ಔನ್ಸಿಗೂ ಮೇಲೆ. ಈಗ ಹೇಳಿ, ಸೊನ್ನೆ ಬಂದ 89 ಮಾದರಿಗಳನ್ನು ಯಾರು ಅಚ್ಚು ಹಾಕುತ್ತಾರೆ? ಔನ್ಸ್ ಬಂದ ಹನ್ನೊಂದು ಮಾದರಿಗಳೇ ಎಲ್ಲರ ಬಾಯಲ್ಲಿ. ಅದರ ಮೇಲೆ, ಗುಡ್ಡ ಹತ್ತಿ ಕಲ್ಲು ಆರಿಸುವ ಮನುಷ್ಯನ ಕೈ ಯಾವ ಕಲ್ಲಿಗೆ ಹೋಗುತ್ತದೆ? ಮಿಂಚುವ ಕಲ್ಲಿಗೆ. ಅದು ಮೋಸ ಅಲ್ಲ, ಕಣ್ಣಿನ ಸ್ವಭಾವ. ಫಲಿತಾಂಶ ಮಾತ್ರ ಮೋಸದಷ್ಟೇ ಕೆಟ್ಟದ್ದು.

ಅರೆದು ನುಣ್ಣಗೆ ಮಾಡಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಕಲ್ಲು ಅರೆಯುತ್ತದೆ, ಚಿನ್ನ ಅರೆಯುವುದಿಲ್ಲ. ಅದು ಮೆತ್ತನೆಯ ಲೋಹ, ಕುಟ್ಟಿದರೆ ಅಪ್ಪಳದ ಹಾಗೆ ಚಪ್ಪಟೆಯಾಗಿ ಜರಡಿಯ ಮೇಲೆ ಉಳಿದುಕೊಳ್ಳುತ್ತದೆ. ಜರಡಿಯ ಮೇಲಿನದ್ದನ್ನು ‘ಉಳಿದ ಕಸ’ ಅಂತ ಚೆಲ್ಲಿದರೆ ಚಿನ್ನವನ್ನೇ ಚೆಲ್ಲಿದ ಹಾಗೆ. ಈಗಿನ ಪದ್ಧತಿಯಲ್ಲಿ ಒಂದು ಕಿಲೋದಷ್ಟು ಪುಡಿ ತಗೊಂಡು ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಪೂರ್ತಿ ಒಂದು ಮೂಸೆಗೆ, ಕೆಳಗೆ ಬಿದ್ದದ್ದರಲ್ಲಿ ಎರಡು ಮೂರು ಮಾದರಿ ಬೇರೆ ಮೂಸೆಗಳಿಗೆ ಹಾಕಿ, ತೂಕದ ಪ್ರಕಾರ ಸರಾಸರಿ ತೆಗೆಯುತ್ತಾರೆ. ಗುಡ್ಡದಲ್ಲೂ ಅಷ್ಟೆ. ಮಿಂಚುವ ಕಲ್ಲು ಆರಿಸದೆ ಪಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಮನಾಗಿ ಕಾಲುವೆಯಂತೆ ಕೊರೆದು, ಅಷ್ಟಷ್ಟು ದೂರಕ್ಕೆ ಒಂದೊಂದು ಮಾದರಿ ತೆಗೆಯಬೇಕು. ಸೊನ್ನೆಗಳನ್ನೂ ಬರೆದಿಡಬೇಕು.

ಎರಡನೇ ಬಿರುಕು ಪಾದರಸದ್ದು. ಪರೀಕ್ಷೆ ಸೀಸದಿಂದ, ಆದರೆ ದೇವಾಲದ ಮಿಲ್ಲಿನಲ್ಲಿ ಚಿನ್ನ ಹಿಡಿಯುತ್ತಿದ್ದದ್ದು ಪಾದರಸ ಸವರಿದ ತಾಮ್ರದ ತಗಡು. ಸೀಸ ಕಲ್ಲನ್ನೇ ಕರಗಿಸಿಬಿಡುತ್ತದೆ, ಚಿನ್ನಕ್ಕೆ ಅಡಗಲು ಜಾಗವೇ ಇರುವುದಿಲ್ಲ. ಪಾದರಸ ಹಾಗಲ್ಲ. ಬರಿಮೈಯಾಗಿ, ಚೊಕ್ಕಟವಾಗಿ ಎದುರಿಗೆ ಬಂದ ಚಿನ್ನವನ್ನು ಮಾತ್ರ ಅದು ಹಿಡಿಯುತ್ತದೆ. ಮೇಲ್ಪದರದಲ್ಲಿ ಸಾವಿರಾರು ವರ್ಷದ ಮಳೆ ಗಾಳಿಗೆ ಪೈರೈಟ್ ಕೊಳೆತು, ಒಳಗಿದ್ದ ಚಿನ್ನ ಬಿಡಿಯಾಗಿರುತ್ತದೆ. ಕೆಳಗೆ ಹೋದಂತೆ ಪೈರೈಟ್ ತಾಜಾ, ಚಿನ್ನ ಅದರ ಹೊಟ್ಟೆಯೊಳಗೆ. ಸೀಸದ ಗುಂಡಿ ಅದನ್ನು ‘ಇದೆ’ ಅನ್ನುತ್ತದೆ, ಪಾದರಸದ ತಗಡು ‘ನನಗೆ ಸಿಗಲಿಲ್ಲ’ ಅನ್ನುತ್ತದೆ. ಎರಡೂ ನಿಜ. ಜೊತೆಗೆ, ಮೇಲ್ಪದರದ ಒಳ್ಳೆಯ ಕಲ್ಲನ್ನು ಸ್ಥಳೀಯರು ತಲೆತಲಾಂತರದಿಂದ ತೆಗೆದು ಮುಗಿಸಿದ್ದರು. ಹಳೆಯ ಗುಂಡಿಗಳು ಕಂಡಾಗ ಕಂಪನಿಯವರು ‘ನೋಡಿ, ಇಲ್ಲಿ ಚಿನ್ನ ಇದೆ’ ಅಂತ ಬೀಗಿದರು. ‘ಇಲ್ಲಿ ಚಿನ್ನ ಇತ್ತು’ ಅಂತಲೂ ಅದನ್ನು ಓದಬಹುದಿತ್ತು.

ಕೋಲಾರದ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ ಅದೇ 1880ರ ಹುಚ್ಚಿನಲ್ಲಿ ಹುಟ್ಟಿದ್ದು, ಅದೇ ಲಂಡನ್ ದುಡ್ಡು, ಅದೇ ಸೀಸದ ಪರೀಕ್ಷೆ. ಮೊದಲ ಮೂರು ವರ್ಷ ಅಲ್ಲೂ ಬಂಡವಾಳ ಕರಗಿ ಬಾಗಿಲು ಹಾಕುವ ಸ್ಥಿತಿ. 1883ರಲ್ಲಿ ಪ್ಲಮ್ಮರ್ ಅನ್ನುವ ಗಣಿಗಾರ ಹಳೆಯ ಗುಂಡಿಗಳ ತಳಕ್ಕಿಂತ ಕೆಳಗೆ ಇಳಿದಾಗ ಚಾಂಪಿಯನ್ ಪದರ ಸಿಕ್ಕಿತು. 2001ರಲ್ಲಿ ಮುಚ್ಚುವ ತನಕ ಆ ಗಣಿಗಳು 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟವು. ಕೋಲಾರ, ದೇವಾಲಗಳ ವ್ಯತ್ಯಾಸ ಮೂಸೆಯಲ್ಲಿ ಇರಲಿಲ್ಲ, ನೆಲದೊಳಗಿತ್ತು.

ನನ್ನ ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬರುತ್ತೇನೆ.

ವಿದ್ಯಾರ್ಥಿ: ಸರ್, ಬೆಳ್ಳಿಯ ಆಕ್ಸೈಡು ನಿಲ್ಲೋದಿಲ್ಲ ಅಂದ್ರಿ. ಹಾಗಾದ್ರೆ ಕ್ಯೂಪೆಲ್‌ನಲ್ಲಿ ಬೆಳ್ಳಿ ನಷ್ಟ ಆಗ್ತದೆ ಅಂತ ಪುಸ್ತಕದಲ್ಲಿ ಯಾಕೆ ಇದೆ?

ಒಳ್ಳೇ ಪ್ರಶ್ನೆ. ಶುದ್ಧ ಆಕ್ಸೈಡಾಗಿ ನಿಲ್ಲುವುದಿಲ್ಲ, ನಿಜ. ಆದರೆ ಲಿಥಾರ್ಜಿನಲ್ಲಿ ಬಹಳ ತೆಳುವಾಗಿ ಕರಗಿಕೊಂಡು ಸ್ವಲ್ಪ ನಿಲ್ಲಬಲ್ಲದು. ಇನ್ನು ಕೆಲವು ಹನಿಗಳು ಲಿಥಾರ್ಜಿನ ಜೊತೆ ಬಟ್ಟಲಿನೊಳಗೆ ಜಾರುತ್ತವೆ. ಒಟ್ಟು ನೂರಕ್ಕೆ ಒಂದೆರಡರಷ್ಟು ಬೆಳ್ಳಿ ಹೋಗುತ್ತದೆ, ಬಿಸಿ ಹೆಚ್ಚಾದರೆ ಇನ್ನೂ ಹೆಚ್ಚು. ಚಿನ್ನದ ನಷ್ಟ ಅದಕ್ಕಿಂತ ಬಹಳ ಕಡಿಮೆ. ಅದಕ್ಕೇ ತೂಕ ಗೊತ್ತಿರುವ ಬೆಳ್ಳಿಯನ್ನು ಪಕ್ಕದ ಬಟ್ಟಲಿನಲ್ಲಿ ಇಟ್ಟು ಜೊತೆಯಲ್ಲೇ ಕಾಯಿಸುತ್ತೇವೆ. ಅದು ಎಷ್ಟು ಕಳೆದುಕೊಂಡಿತೋ ಅಷ್ಟನ್ನು ಇದಕ್ಕೂ ಸೇರಿಸಿ ಲೆಕ್ಕ ತಿದ್ದುತ್ತೇವೆ. ಬಟ್ಟಲ ಅಂಚಿನಲ್ಲಿ ಲಿಥಾರ್ಜಿನ ಗರಿಯಂಥ ಹರಳು ಕಟ್ಟಿದರೆ ಬಿಸಿ ಹದವಾಗಿದೆ ಅಂತ ತಿಳಿಯಬೇಕು.

ಅಧ್ಯಾಪಕಿ: ನೀವು ಹೊಗೆಯ ವಿಷಯ ಆಮೇಲೆ ಹೇಳ್ತೀನಿ ಅಂದಿರಿ.

ಹೌದು ಮೇಡಂ, ಮರೆತೇ ಬಿಡುತ್ತಿದ್ದೆ. ಬಟ್ಟಲಿಗೆ ಇಂಗದ ಲಿಥಾರ್ಜ್ ಹೊಗೆಯಾಗಿ ಹೋಗುತ್ತದೆ ಅಂದೆನಲ್ಲ, ಅದು ಉಸಿರಿನ ಜೊತೆ ಹೋದರೆ ರಕ್ತ ಸೇರುತ್ತದೆ, ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮಕ್ಕಳಿಗಂತೂ ಮಿದುಳಿಗೇ ಪೆಟ್ಟು. ಬಳಸಿದ ಬಟ್ಟಲುಗಳೂ ಸೀಸ ತುಂಬಿದ ಕಸವೇ, ಹಿತ್ತಲಲ್ಲಿ ಎಸೆಯುವಂತಿಲ್ಲ. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದ ಪ್ರಯೋಗಾಲಯದಲ್ಲಿ ಈ ಪ್ರಯೋಗ ಬೇಡ ಅಂತ ನಾನು ವಿದ್ಯಾರ್ಥಿಗಳಿಗೆ ಖಡಾಖಂಡಿತ ಹೇಳುತ್ತೇನೆ. ಅಂಕ ಹೋದರೆ ಹೋಗಲಿ.

ವಿದ್ಯಾರ್ಥಿನಿ: ಸರ್, ನಮ್ಮ ಮನೆ ಗೂಡಲೂರು ಹತ್ತಿರಾನೇ. ನಮ್ಮ ಕಡೆ ಈಗಲೂ ಕಲ್ಲು ಅಗೆದು ತರೋರು ಇದ್ದಾರೆ. ಪಕ್ಕದ ಮನೆ ಅಣ್ಣ ಒಬ್ರು ಒಂದು ಕಲ್ಲು ಕೊಟ್ಟು, ‘ನೀನು ಕೆಮಿಸ್ಟ್ರಿ ಓದ್ತಿದ್ದೀಯಲ್ಲ, ಕಾಲೇಜಲ್ಲಿ ಟೆಸ್ಟ್ ಮಾಡಿಸಿಕೊಡು’ ಅಂದ್ರು. ಏನ್ ಮಾಡಲಿ?

ಕಲ್ಲು ಮಿಂಚುತ್ತಿದೆಯಾ?

ವಿದ್ಯಾರ್ಥಿನಿ: ಹೌದು ಸರ್, ಚೆನ್ನಾಗಿ ಮಿಂಚ್ತದೆ.

ಹಾಗಾದರೆ ಅದು ಆರಿಸಿ ತಂದ ಕಲ್ಲು. ನಾವು ಪರೀಕ್ಷೆ ಮಾಡಿದರೆ ಟನ್ನಿಗೆ ನಲವತ್ತು ಗ್ರಾಂ ಅಂತ ಬರಬಹುದು, ಸೊನ್ನೆಯೂ ಬರಬಹುದು. ನಲವತ್ತು ಬಂದರೆ ಅವರು ಇನ್ನೂ ಆಳಕ್ಕೆ ಇಳಿಯುತ್ತಾರೆ. ದೇವಾಲದ ಸುತ್ತ ಸುರಂಗ ಕುಸಿದು ಸತ್ತವರ ಸುದ್ದಿ ಪೇಪರಿನಲ್ಲಿ ನೀವೂ ಓದಿದ್ದೀರಿ. ಅಗೆಯುವುದಕ್ಕೆ ಪರವಾನಗಿಯೂ ಇಲ್ಲ. ನಾವು ಕೊಡುವ ಒಂದು ಚೀಟಿ ಒಬ್ಬ ಮನುಷ್ಯನನ್ನು ಗುಂಡಿಗೆ ಇಳಿಸಬಲ್ಲದು. ಅದಕ್ಕೇ ಒಂದೇ ಕಲ್ಲಿಗೆ ಅಂಕಿ ಬರೆದು ಕೊಡುವುದಿಲ್ಲ. ಅಣ್ಣನಿಗೆ ಆ 11 ಮತ್ತು 89ರ ಲೆಕ್ಕ ಹೇಳಿ, ಅಂಕಿಯಲ್ಲಿ ಬೇಡ, ಹುರುಳಿಕಾಳಿನಲ್ಲಿ ತೋರಿಸಿ. ಒಂದು ಚೀಲ ಅಕ್ಕಿಯಲ್ಲಿ ಕೆಲವೇ ಹುರುಳಿಕಾಳು ಬೆರೆಸಿ, ಕಣ್ಣು ಮುಚ್ಚಿ ಹಿಡಿ ಹಿಡಿ ತೆಗೆಯಲು ಹೇಳಿ. ಆಮೇಲೆ ಅವರ ಮನೆಯಲ್ಲಿ ಪಾದರಸ ಕಾಯಿಸುತ್ತಾರಾ, ಕಾಯಿಸಿದರೆ ಯಾವ ಒಲೆಯಲ್ಲಿ, ಮಕ್ಕಳು ಎಲ್ಲಿರುತ್ತಾರೆ ಅಂತ ಮೆಲ್ಲಗೆ ಕೇಳಿ. ಪಾದರಸದ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅಡುಗೆಮನೆಯ ಗೋಡೆಗೆ ಅಂಟಿಕೊಂಡು ದಿನಗಟ್ಟಲೆ ಮತ್ತೆ ಮತ್ತೆ ಏಳುತ್ತದೆ. ಕಲ್ಲಿನ ಪರೀಕ್ಷೆಗಿಂತ ಅದು ತುರ್ತು. ಅವರು ಒಪ್ಪಿದರೆ ನನಗೆ ಫೋನ್ ಮಾಡಿ, ನಾನೇ ಬಂದು ಮಾತಾಡುತ್ತೇನೆ.

ವಿದ್ಯಾರ್ಥಿನಿ: ಕಲ್ಲು ವಾಪಸ್ ಕೊಡ್ಲಾ ಸರ್?

ಕೊಡಿ. ಅವರದ್ದು ಅದು.